ಮೈಗ್ರೇಶನ್ ಕೆಟ್ಟಾಗ ರೋಲ್‌ಬ್ಯಾಕಾ, ಹೊಸ ಮೈಗ್ರೇಶನ್ನಾ, ಬ್ಯಾಕಪ್ಪಾ? ಯಾವಾಗ ಯಾವುದನ್ನ ಹಿಡೀಬೇಕು

ಡಿಪ್ಲಾಯ್ ಮಾಡಿದ್ರಿ, ಅಂದ್ರೆ ಹೊಸ ಕೋಡ್ ಸರ್ವರ್‌ಗೆ ಹಾಕಿದ್ರಿ, ಮೈಗ್ರೇಶನ್ (ಡೇಟಾಬೇಸ್‌ನ ರೂಪ ಇಲ್ಲಾ ಡೇಟಾ ಬದಲಾಯ್ಸೋ ಫೈಲ್) ಓಡ್ತು, ಐದು ನಿಮಿಷ ಆಗಿಲ್ಲ ಎರರ್ ಲಾಗ್ ತುಂಬ್ಕೊಳೋಕೆ ಶುರು. ಈ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗೋದು ರೋಲ್‌ಬ್ಯಾಕ್ ಕಮಾಂಡ್ ಕಡೆಗೆ, ಅಂದ್ರೆ ಮಾಡಿದ್ದನ್ನ ವಾಪಸ್ ತಗೊಳೋ ಕಡೆಗೆ, ಯಾಕಂದ್ರೆ ಕೋಡ್ ವಿಷ್ಯದಲ್ಲಿ ಅದೇ ಅಭ್ಯಾಸ ಆಗೋಗಿರುತ್ತೆ, ಗಿಟ್‌ನಲ್ಲಿ ಹಳೇ ಕಮಿಟ್‌ಗೆ ಹೋದ್ರೆ ಎಲ್ಲಾ ಮೊದಲಿನ ಥರಾನೇ. ಡೇಟಾಬೇಸ್ ಹಂಗಲ್ಲ ಕಣ್ರೀ. ಡೌನ್ ಮೈಗ್ರೇಶನ್, ಅಂದ್ರೆ ಮೈಗ್ರೇಶನ್‌ನ ಉಲ್ಟಾ ಭಾಗ, ನಿಮಗೆ ಕಾಲಂ ವಾಪಸ್ ತಂದುಕೊಡುತ್ತೆ, ಅದರೊಳಗೆ ಏನಿತ್ತೋ ಅದನ್ನ ತರಲ್ಲ. ಈ ಒಂದು ಮಾತು ತಲೇಲಿ ಇಟ್ಕೊಂಡ್ರೆ ಯಾವ ದಾರಿ ಹಿಡೀಬೇಕು ಅನ್ನೋದು ಅರ್ಧ ತೀರ್ಮಾನ ಆದಂಗೆ.

ಮೈಸೂರು ಮಂಡ್ಯ ಕಡೆ ನಾನು ನೋಡಿರೋ ಟೀಮ್‌ಗಳೆಲ್ಲಾ ಹೆಚ್ಚೂ ಕಮ್ಮಿ ಇಬ್ರು ಮೂವರದ್ದು, ಡೇಟಾಬೇಸ್ ನೋಡ್ಕೊಳೋಕೆ ಅಂತಲೇ ಒಬ್ರು ಇರಲ್ಲ, ಕೋಡ್ ಬರೆದೋರೇ ಸರ್ವರ್ರೂ ನೋಡ್ಬೇಕು, ಕಸ್ಟಮರ್ ಫೋನೂ ಎತ್ಬೇಕು. ಅಂಥೋರಿಗೆ ಅಂತ ಇದನ್ನ ಬರೀತಿದೀನಿ. ಜ್ಯಾಂಗೋ, ರೈಲ್ಸ್, ಲಾರವೆಲ್ ಅನ್ನೋ ಮೂರು ವೆಬ್ ಫ್ರೇಮ್‌ವರ್ಕನ್ನೂ ಇಟ್ಕೊಂಡು ಹೇಳ್ತೀನಿ.

ಮಾತಾಡೋಕೆ ಒಂದು ಉದಾಹರಣೆ ಬೇಕಲ್ಲ. ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ಮಂಡಿ ಇಟ್ಟಿರೋ ದಲ್ಲಾಳಿ ಒಬ್ರಿಗೆ ಒಂದು ಆಪ್ ಮಾಡ್ಕೊಟ್ಟಿದೀರ ಅಂದ್ಕೊಳಿ. ಲಾಟ್ ಅಂತ ಒಂದು ಟೇಬಲ್: ರೈತರ ಹೆಸರು, ಫೋನ್, ಬೆಲ್ಲದ ಬಗೆ ಅಂದ್ರೆ ಅಚ್ಚು, ಬಕೆಟ್, ಬಾಕ್ಸ್, ಕುರಿಕಾಟು, ತೂಕ ಕ್ವಿಂಟಲ್‌ನಲ್ಲಿ, ರೇಟು. ಈಗ ಹೊಸ ರಿಲೀಸ್‌ನಲ್ಲಿ ನಾಲ್ಕು ಮೈಗ್ರೇಶನ್ ಇದೆ. ಮೊದಲನೇದು, ಟಿಪ್ಪಣಿ ಅಂತ ಹೊಸ ಕಾಲಂ. ಎರಡನೇದು, ತೂಕನ ಕ್ವಿಂಟಲ್‌ನಿಂದ ಕೆಜಿಗೆ ಬದಲಾಯ್ಸೋದು. ಮೂರನೇದು, ಬಕೆಟ್ಟು ಬಾಕ್ಸು ಎರಡನ್ನೂ ಸೇರಿಸಿ ಒಂದೇ ಬಗೆ ಮಾಡೋದು. ನಾಲ್ಕನೇದು, ಫೋನ್ ನಂಬರ್ ಈಗ ರೈತರ ಟೇಬಲ್‌ಗೆ ಹೋಗಿದೆ ಅಂತ ಲಾಟ್ ಟೇಬಲ್‌ನಿಂದ ಫೋನ್ ಕಾಲಂ ಡ್ರಾಪ್ ಮಾಡೋದು. ನಾಲ್ಕೂ ನೋಡೋಕೆ ಒಂದೇ ಥರ, ಚಿಕ್ಕ ಚಿಕ್ಕ ಫೈಲು. ವಾಪಸ್ ತಗೊಳೋಕೆ ಹೋದಾಗ ಮಾತ್ರ ನಾಲ್ಕೂ ನಾಲ್ಕು ಬೇರೆ ಬೇರೆ ಪ್ರಾಣಿ.

ಮೊದಲು ಕೇಳ್ಕೊಬೇಕಾಗಿರೋದು: ಮೈಗ್ರೇಶನ್ ಮುಟ್ಟಲೇಬೇಕಾ?

ತುಂಬಾ ಸಲ ಬೇಕಾಗೇ ಇಲ್ಲ. ಟಿಪ್ಪಣಿ ಕಾಲಂ ಸೇರಿಸಿದ್ರಿ, ಹೊಸ ಕೋಡ್‌ನಲ್ಲಿ ಬಗ್ ಇದೆ, ಅಷ್ಟೇ ತಾನೇ? ಕೋಡ್ ಮಾತ್ರ ಹಿಂದಕ್ಕೆ ತಗೊಳಿ, ಕಾಲಂ ಅದರ ಪಾಡಿಗೆ ಇರ್ಲಿ ಬಿಡಿ. ಹಳೇ ಕೋಡ್‌ಗೆ ಆ ಕಾಲಂ ಇದೆ ಅಂತಾನೇ ಗೊತ್ತಿಲ್ಲ, ಅದು ಖಾಲಿ ಬಿದ್ದಿದ್ರೆ ಯಾರಿಗೂ ತೊಂದ್ರೆ ಇಲ್ಲ. ಒಂದೇ ಷರತ್ತು, ಆ ಕಾಲಂ ನಲ್ (ಖಾಲಿ ಬೆಲೆ) ಒಪ್ಕೊಬೇಕು ಇಲ್ಲಾ ಡೇಟಾಬೇಸ್‌ನಲ್ಲೇ ಡೀಫಾಲ್ಟ್, ಅಂದ್ರೆ ಏನೂ ಕೊಡ್ದಿದ್ರೆ ತಾನಾಗೇ ಕೂರೋ ಬೆಲೆ, ಇರ್ಬೇಕು. ಜ್ಯಾಂಗೋದೋರು ಇಲ್ಲಿ ಹುಷಾರು: ಮಾಡೆಲ್‌ನಲ್ಲಿ ಡೀಫಾಲ್ಟ್ ಅಂತ ಬರೆದ್ರೆ ಜ್ಯಾಂಗೋ ಅದನ್ನ ಹಳೇ ಸಾಲುಗಳಿಗೆ ತುಂಬೋಕೆ ಮಾತ್ರ ಬಳಸುತ್ತೆ, ಆಮೇಲೆ ಡೇಟಾಬೇಸ್ ಕಡೆಯ ಡೀಫಾಲ್ಟನ್ನ ತೆಗೆದು ಹಾಕುತ್ತೆ. ನಾಟ್ ನಲ್ ಕಾಲಂ ಆಗಿದ್ರೆ ಹಳೇ ಕೋಡ್ ಹೊಸ ಲಾಟ್ ಸೇರಿಸೋಕೆ ಹೋದ ತಕ್ಷಣ ಎರರ್. ಜ್ಯಾಂಗೋ 5.0ರಿಂದ ಡಿಬಿ ಡೀಫಾಲ್ಟ್ ಅನ್ನೋ ಆಪ್ಶನ್ ಬಂದಿದೆ, ಅದನ್ನ ಹಾಕಿದ್ರೆ ಡೀಫಾಲ್ಟ್ ಡೇಟಾಬೇಸ್‌ನಲ್ಲೇ ಉಳ್ಕೊಳುತ್ತೆ. ಹಳೇ ವರ್ಶನ್‌ನಲ್ಲಿ ಇದ್ರೆ ಸುಮ್ನೆ ನಲ್ ಬಿಟ್ಟು ಸೇರ್ಸಿ, ಮುಂದಿನ ರಿಲೀಸ್‌ನಲ್ಲಿ ಬಿಗಿ ಮಾಡಿ.

ಇನ್ನೊಂದು, ಕೋಡ್ ಹಿಂದಕ್ಕೆ ತಗೊಳೋವಾಗ ಮೈಗ್ರೇಶನ್ ಫೈಲ್ ಡಿಲೀಟ್ ಆಗ್ದೇ ಇರೋ ಹಂಗೆ ನೋಡ್ಕೊಳಿ. ಕಮಿಟ್ ಪೂರ್ತಿ ರಿವರ್ಟ್ ಮಾಡಿದ್ರೆ ಫೈಲೂ ಹೋಗುತ್ತೆ, ಡೇಟಾಬೇಸ್‌ನಲ್ಲಿ ಮಾತ್ರ ಇದು ಓಡಿದೆ ಅಂತ ದಾಖಲೆ ಹಂಗೇ ಕೂತಿರುತ್ತೆ, ಆಮೇಲೆ ಡೌನ್ ಮಾಡ್ಬೇಕು ಅಂದ್ರೆ ಅದಕ್ಕೆ ಫೈಲೇ ಇಲ್ಲ. ಡೌನ್ ಓಡಬೇಕು ಅಂದ್ರೆ ಆ ಮೈಗ್ರೇಶನ್ ಫೈಲ್ ಸರ್ವರ್‌ನಲ್ಲಿ ಇರ್ಲೇಬೇಕು.

ಫ್ರೇಮ್‌ವರ್ಕ್‌ನ ರೋಲ್‌ಬ್ಯಾಕ್

ಸರಿ, ಮುಟ್ಟಲೇಬೇಕು ಅಂತಾಯ್ತು. ಮೂರು ಫ್ರೇಮ್‌ವರ್ಕೂ ರೋಲ್‌ಬ್ಯಾಕ್ ಕೊಡುತ್ವೆ, ಆದ್ರೆ ಕಮಾಂಡ್‌ನ ಅರ್ಥ ಒಂದೊಂದರಲ್ಲಿ ಒಂದೊಂದು, ಒಂದ್ರಿಂದ ಇನ್ನೊಂದಕ್ಕೆ ಬಂದೋರು ಸಿಕ್ಕಿ ಹಾಕ್ಕೊಳೋದು ಇಲ್ಲೇ. ಜ್ಯಾಂಗೋದಲ್ಲಿ ಮೈಗ್ರೇಟ್ ಕಮಾಂಡ್‌ಗೆ ಆಪ್ ಹೆಸರು, ಒಂದು ನಂಬರ್ ಕೊಡ್ತೀರ, ಆ ನಂಬರ್ ಉಳೀಬೇಕಾಗಿರೋ ಮೈಗ್ರೇಶನ್‌ದು, ತೆಗೀಬೇಕಾಗಿರೋದಲ್ಲ. 0005 ತೆಗೀಬೇಕು ಅಂದ್ರೆ 0004 ಅಂತ ಕೊಡ್ಬೇಕು. ನಂಬರ್ ಜಾಗದಲ್ಲಿ ಜೀರೋ ಅಂತ ಪದ ಕೊಟ್ರೆ ಆ ಆಪ್‌ನ ಎಲ್ಲಾ ಮೈಗ್ರೇಶನ್ನೂ ಉಲ್ಟಾ ಓಡಿ ಟೇಬಲ್‌ಗಳೇ ಹೋಗುತ್ವೆ, ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸೋ ಸರ್ವರ್‌ನಲ್ಲಿ) ಅದರ ಹತ್ರಾನೂ ಸುಳೀಬೇಡಿ. ರೈಲ್ಸ್‌ನಲ್ಲಿ ರೋಲ್‌ಬ್ಯಾಕ್ ಅಂದ್ರೆ ಕೊನೇ ಒಂದು ಮೈಗ್ರೇಶನ್, ಸ್ಟೆಪ್ ಕೊಟ್ರೆ ಅಷ್ಟು, ಮಧ್ಯದ್ದು ಯಾವುದೋ ಒಂದನ್ನೇ ತೆಗೀಬೇಕು ಅಂದ್ರೆ ವರ್ಶನ್ ನಂಬರ್ ಕೊಟ್ಟು ಡೌನ್ ಮಾಡೋಕೂ ಬಿಡುತ್ತೆ. ಲಾರವೆಲ್ ಬೇರೆ ಥರ. ಅದು ಮೈಗ್ರೇಶನ್‌ಗಳನ್ನ ಬ್ಯಾಚ್ ಲೆಕ್ಕದಲ್ಲಿ ಇಡುತ್ತೆ, ಒಂದ್ಸಲ ಓಡಿದ್ದೆಲ್ಲಾ ಒಂದು ಬ್ಯಾಚು. ನಮ್ಮ ನಾಲ್ಕೂ ಒಂದೇ ಡಿಪ್ಲಾಯ್‌ನಲ್ಲಿ ಓಡಿರೋದ್ರಿಂದ ಬರೀ ರೋಲ್‌ಬ್ಯಾಕ್ ಅಂತ ಕೊಟ್ರೆ ನಾಲ್ಕೂ ವಾಪಸ್ ಹೋಗುತ್ವೆ, ಒಂದೇ ಸಾಕು ಅಂದ್ರೆ ಸ್ಟೆಪ್ ಒಂದು ಅಂತ ಬಾಯ್ಬಿಟ್ಟು ಹೇಳ್ಬೇಕು. ಇನ್ನು ಫ್ರೆಶ್, ರಿಫ್ರೆಶ್, ರೀಸೆಟ್ ಅಂತ ಅದರ ಅಕ್ಕಪಕ್ಕದಲ್ಲೇ ಇರೋ ಕಮಾಂಡ್‌ಗಳಿದಾವಲ್ಲ, ಅವು ಲ್ಯಾಪ್‌ಟಾಪ್‌ಗೆ ಮಾತ್ರ. ಫ್ರೆಶ್ ಅಂದ್ರೆ ಎಲ್ಲಾ ಟೇಬಲ್ ಡ್ರಾಪ್. ಈಚಿನ ಲಾರವೆಲ್‌ನಲ್ಲಿ ಇಂಥ ಕಮಾಂಡ್‌ಗಳನ್ನ ಪ್ರೊಡಕ್ಷನ್‌ನಲ್ಲಿ ಓಡದಂಗೆ ತಡೆಯೋ ಸೆಟಿಂಗ್ ಇದೆ, ಇವತ್ತೇ ಹಾಕ್ಕೊಳಿ.

ಪ್ರಾಮಾಣಿಕತೆ ವಿಷ್ಯಕ್ಕೆ ಬಂದ್ರೆ ನನಗೆ ರೈಲ್ಸೂ ಜ್ಯಾಂಗೋನೂ ಲಾರವೆಲ್‌ಗಿಂತ ವಾಸಿ ಅನ್ಸುತ್ತೆ. ರೈಲ್ಸ್‌ನಲ್ಲಿ ಕಾಲಂ ತೆಗಿಯೋವಾಗ ಅದರ ಟೈಪ್ ಬರೀದೇ ಬಿಟ್ರೆ ವಾಪಸ್ ಹೋಗೋಕಾಗಲ್ಲ ಅಂತ ಎಕ್ಸೆಪ್ಶನ್ ಎಸೆಯುತ್ತೆ. ಜ್ಯಾಂಗೋದಲ್ಲಿ ರನ್‌ಪೈಥಾನ್‌ಗೆ (ಮೈಗ್ರೇಶನ್ ಒಳಗೆ ನಿಮ್ಮ ಕೋಡ್ ಓಡ್ಸೋ ಆಪರೇಶನ್) ಉಲ್ಟಾ ಫಂಕ್ಷನ್ ಕೊಡ್ದೇ ಇದ್ರೂ ಅಷ್ಟೇ, ಇರ್‌ರಿವರ್ಸಿಬಲ್ ಅಂತ ನಿಂತ್ಕೊಳುತ್ತೆ. ಲಾರವೆಲ್‌ನಲ್ಲಿ ಡೌನ್ ಅಂದ್ರೆ ನೀವು ಏನು ಬರೆದ್ರೋ ಅದು, ಖಾಲಿ ಬಿಟ್ಟಿದ್ರೆ ಸದ್ದಿಲ್ದೇ ದಾಖಲೆ ಅಳಿಸಿ ಆಯ್ತು ಅನ್ನುತ್ತೆ, ಟೇಬಲ್ ಅಲ್ಲೇ ಇರುತ್ತೆ, ಮುಂದಿನ ಸಲ ಮೈಗ್ರೇಟ್ ಮಾಡ್ದಾಗ ಟೇಬಲ್ ಆಗ್ಲೇ ಇದೆ ಅಂತ ಬೀಳುತ್ತೆ. ಆದ್ರೂ ಒಂದು ಹೇಳ್ತೀನಿ, ರೈಲ್ಸ್‌ನಲ್ಲಿ ಟೈಪ್ ಬರೆದ್ಬಿಟ್ರೆ ಅದೂ ಖುಷಿಯಾಗಿ ವಾಪಸ್ ಹೋಗಿ ನಿಮಗೆ ಖಾಲಿ ಫೋನ್ ಕಾಲಂ ಒಂದನ್ನ ಕೊಡುತ್ತೆ. ಹಸಿರು ಅಕ್ಷರದಲ್ಲಿ ಸಕ್ಸೆಸ್ ಅಂತಾನೂ ಬರುತ್ತೆ. ಮಂಡಿಯೋರು ಫೋನ್ ಮಾಡಿ "ಏನ್ ಸಾರ್, ನಮ್ ರೈತರ ನಂಬರೇ ಕಾಣ್ತಿಲ್ವಲ್ಲ" ಅಂದಾಗ ಆ ಸಕ್ಸೆಸ್‌ನಿಂದ ಏನೂ ಉಪ್ಯೋಗ ಇಲ್ಲ.

ಬಕೆಟ್ಟು ಬಾಕ್ಸು ಸೇರಿಸಿದ ಮೂರನೇ ಮೈಗ್ರೇಶನ್ ಇದಕ್ಕಿಂತ ಕೆಟ್ಟದು. ಕಾಲಂ ಅಲ್ಲೇ ಇದೆ, ತುಂಬಾನೂ ಇದೆ, ಆದ್ರೆ ಯಾವ ಲಾಟು ಮೊದಲು ಬಕೆಟ್ ಆಗಿತ್ತು ಯಾವುದು ಬಾಕ್ಸ್ ಅನ್ನೋದು ನೀರಲ್ಲಿ ಕರಗಿದ ಬೆಲ್ಲ ಇದ್ದಂಗೆ, ಅದನ್ನ ಮತ್ತೆ ಅಚ್ಚಾಗಿ ತೆಗಿಯೋ ಫಂಕ್ಷನ್ ಯಾರೂ ಬರೆಯೋಕಾಗಲ್ಲ. ಇಂಥ ಕಡೆ ಎರರ್ ಬರಬಾರ್ದು ಅಂತ ನೂಪ್, ಅಂದ್ರೆ ಏನೂ ಮಾಡದ ಫಂಕ್ಷನ್, ಹಾಕಿ ಬಿಡೋ ಅಭ್ಯಾಸ ಇದೆಯಲ್ಲ, ದಯವಿಟ್ಟು ಬೇಡ. ಉಲ್ಟಾ ಮಾಡೋಕಾಗಲ್ಲ ಅಂತ ಅದು ಬೀಳ್ಲಿ, ಬಿದ್ರೇನೇ ನಿಮ್ಮ ಜೊತೆ ಕೆಲ್ಸ ಮಾಡೋ ಹುಡುಗನಿಗೆ ಬೇರೆ ದಾರಿ ಹುಡುಕಬೇಕು ಅಂತ ಗೊತ್ತಾಗೋದು.

ಕೊಡೋಕ್ ಮುಂಚೆ ಏನು ಓಡುತ್ತೆ ಅಂತ ನೋಡ್ಕೊಳಿ. ಜ್ಯಾಂಗೋದಲ್ಲಿ ಎಸ್‌ಕ್ಯೂಎಲ್‌ಮೈಗ್ರೇಟ್‌ಗೆ ಬ್ಯಾಕ್‌ವರ್ಡ್ಸ್ ಅಂತ ಸೇರಿಸಿದ್ರೆ ಉಲ್ಟಾ ಕ್ವೆರಿಗಳನ್ನ ತೋರ್ಸುತ್ತೆ, ಲಾರವೆಲ್‌ನಲ್ಲಿ ಪ್ರಿಟೆಂಡ್ ಅಂತ ಇದೆ. ರೈಲ್ಸ್‌ನಲ್ಲಿ ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟಿರೋ ಸರ್ವರ್‌ನಲ್ಲಿ) ಓಡ್ಸಿ ಲಾಗ್ ನೋಡೋದೇ ಸರಿ.

ಕೆಳಗಿರೋ ಡೇಟಾಬೇಸ್ ಯಾವುದು ಅನ್ನೋದು ಫ್ರೇಮ್‌ವರ್ಕ್‌ಗಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ, ಇದನ್ನ ಯಾರೂ ಮೊದಲು ಹೇಳ್ಕೊಡಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆ ಕೂಡ ಟ್ರಾನ್ಸಾಕ್ಷನ್ (ಎಲ್ಲಾ ಆಗ್ಬೇಕು ಇಲ್ಲಾ ಯಾವುದೂ ಆಗ್ಬಾರ್ದು ಅನ್ನೋ ಕಟ್ಟು) ಒಳಗೆ ಬರುತ್ತೆ, ಡೌನ್ ಅರ್ಧಕ್ಕೆ ಬಿದ್ರೆ ಪೂರ್ತಿ ರದ್ದಾಗಿ ಮೊದಲಿದ್ದ ಸ್ಥಿತಿಗೇ ಬರುತ್ತೆ. ಕನ್‌ಕರೆಂಟ್ ಆಗಿ ಇಂಡೆಕ್ಸ್ ಮಾಡೋದು ಥರ ಕೆಲವು ಮಾತ್ರ ಟ್ರಾನ್ಸಾಕ್ಷನ್ ಒಳಗೆ ಓಡಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್ (ಟೇಬಲ್ ಬದಲಾಯ್ಸೋ ಕ್ವೆರಿ) ಕೊಟ್ಟ ತಕ್ಷಣ ಅಲ್ಲಿವರೆಗಿನದೆಲ್ಲಾ ತಾನಾಗೇ ಕಮಿಟ್ ಆಗೋಗುತ್ತೆ. 8.0ರಲ್ಲಿ ಅಟಾಮಿಕ್ ಡಿಡಿಎಲ್, ಅಂದ್ರೆ ಟೇಬಲ್ ಬದಲಾವಣೆ ಪೂರ್ತಿ ಆಗ್ಬೇಕು ಇಲ್ಲಾ ಆಗ್ಲೇಬಾರ್ದು ಅನ್ನೋದು, ಬಂತು ನಿಜ, ಆದ್ರೆ ಅದು ಒಂದೊಂದು ಸ್ಟೇಟ್‌ಮೆಂಟ್‌ಗೆ ಮಾತ್ರ, ಮೂರು ಆಲ್ಟರ್ ಇರೋ ಮೈಗ್ರೇಶನ್‌ನಲ್ಲಿ ಎರಡನೇದಾದ್ಮೇಲೆ ಬಿದ್ರೆ ಎರಡು ಆಗಿರುತ್ತೆ ಮೂರನೇದು ಆಗಿರಲ್ಲ, ಫ್ರೇಮ್‌ವರ್ಕ್‌ನ ದಾಖಲೆ ಒಂದು ಹೇಳುತ್ತೆ, ಟೇಬಲ್ ಇನ್ನೊಂದು ಹೇಳುತ್ತೆ. ಆಗ ಕೈಯಲ್ಲೇ ಕ್ವೆರಿ ಬರೆದು ಸರಿ ಮಾಡ್ಬೇಕು, ಆಮೇಲೆ ಜ್ಯಾಂಗೋದಲ್ಲಾದ್ರೆ ಫೇಕ್ ಅಂತ ಕೊಟ್ಟು, ಅಂದ್ರೆ ಏನೂ ಓಡಿಸ್ದೇ, ದಾಖಲೆ ಮಾತ್ರ ಹೊಂದಿಸ್ಬೇಕು. ಹಂಗಾಗಿ ಮೈಎಸ್‌ಕ್ಯೂಎಲ್ ಮೇಲೆ ಇರೋರು ಒಂದು ಫೈಲ್‌ಗೆ ಒಂದೇ ಬದಲಾವಣೆ ಅಂತ ಕಟ್ಟುನಿಟ್ಟಾಗಿ ಇಟ್ಕೊಳಿ. ಹೊಸ ಪ್ರಾಜೆಕ್ಟ್ ಶುರು ಮಾಡ್ತಿದೀರ, ಎರಡರಲ್ಲಿ ಯಾವುದು ಅಂತ ಕೇಳಿದ್ರೆ, ಬರೀ ಈ ಕಾರಣಕ್ಕೇ ನಾನು ಪೋಸ್ಟ್‌ಗ್ರೆಸ್ ಅಂತೀನಿ.

ಲಾಕ್ ಬಗ್ಗೆ ಒಂದು ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಡ್ರಾಪ್ ಮಾಡೋದು ಕ್ಷಣದ ಕೆಲ್ಸ, ಆದ್ರೆ ಅದಕ್ಕೆ ಇಡೀ ಟೇಬಲ್ ಮೇಲೆ ಲಾಕ್ ಬೇಕು. ಯಾರೋ ದೊಡ್ಡ ರಿಪೋರ್ಟ್ ಓಡಿಸ್ತಾ ಇದ್ರೆ ನಿಮ್ಮ ಆಲ್ಟರ್ ಅದರ ಹಿಂದೆ ಕಾಯುತ್ತೆ, ಆಲ್ಟರ್ ಹಿಂದೆ ಮಿಕ್ಕೋರೆಲ್ಲಾ ಕಾಯ್ತಾರೆ, ಹರಾಜು ನಡೀತಿರೋ ಹೊತ್ತಲ್ಲಿ ಆಪ್ ಪೂರ್ತಿ ನಿಂತಂಗೆ. ಲಾಕ್ ಟೈಮ್‌ಔಟ್ ಕೆಲವು ಸೆಕೆಂಡ್ ಅಂತ ಇಟ್ಟು ಓಡ್ಸಿ, ಸಿಗ್ಲಿಲ್ಲ ಅಂದ್ರೆ ಬೀಳುತ್ತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡ್ಸಿದ್ರಾಯ್ತು. ರೋಲ್‌ಬ್ಯಾಕ್‌ಗೂ ಇದು ಅನ್ವಯ ಆಗುತ್ತೆ, ಗಾಬ್ರಿಲಿ ಮರೆಯೋದು ಅದನ್ನೇ.

ಹೊಸ ಮೈಗ್ರೇಶನ್ ಬರೆದು ಮುಂದಕ್ಕೆ ಹೋಗೋದು

ಹಿಂದಕ್ಕೆ ಹೋಗೋ ಬದಲು ತಪ್ಪನ್ನ ಸರಿ ಮಾಡೋ ಇನ್ನೊಂದು ಮೈಗ್ರೇಶನ್ ಬರೆಯೋದು. ಪ್ರೊಡಕ್ಷನ್‌ನಲ್ಲಿ ಜನ ಬಳಸೋಕೆ ಶುರು ಮಾಡಿ ಹೊಸ ಡೇಟಾ ಬಿದ್ದಿದ್ರೆ ನನ್ನ ಮೊದಲ ಆಯ್ಕೆ ಇದೇ. ಇತಿಹಾಸ ಎಲ್ಲಾ ಕಡೆ ಒಂದೇ ಇರುತ್ತೆ, ನಿಮ್ಮ ಲ್ಯಾಪ್‌ಟಾಪ್, ಸ್ಟೇಜಿಂಗ್, ಪ್ರೊಡಕ್ಷನ್ ಎಲ್ಲಾ ಅದೇ ಸಾಲಲ್ಲಿ ಮುಂದೆ ಹೋಗುತ್ವೆ, ಯಾರ ಹತ್ರ ಯಾವುದು ಓಡಿದೆ ಅಂತ ತಲೆ ಕೆಡಿಸ್ಕೊಳೋ ಹಂಗಿಲ್ಲ. ಆಗ್ಲೇ ಓಡಿರೋ ಮೈಗ್ರೇಶನ್ ಫೈಲನ್ನ ತಿದ್ದೋದಂತೂ ಬೇಡ್ವೇ ಬೇಡ, ಓಡಿರೋ ಕಡೆ ಅದು ಮತ್ತೆ ಓಡಲ್ಲ, ಓಡ್ದೇ ಇರೋ ಕಡೆ ಬೇರೆ ಥರ ಓಡುತ್ತೆ.

ತೂಕದ ಮೈಗ್ರೇಶನ್ ತಗೊಳಿ. ಕ್ವಿಂಟಲ್‌ನ ನೂರರಿಂದ ಗುಣಿಸಿ ಕೆಜಿ ಮಾಡಿದ್ರಿ. ಉಲ್ಟಾ ತುಂಬಾ ಸುಲಭ, ನೂರರಿಂದ ಭಾಗಿಸಿದ್ರೆ ಮುಗೀತು ಅನ್ಸುತ್ತೆ. ಇಲ್ಲಿ ಒಂದು ಕಳ್ಳ ಹಾದಿ ಇದೆ. ಮೈಗ್ರೇಶನ್ ಓಡಿದ್ಮೇಲೆ ಹೊಸ ಕೋಡ್ ಎದ್ದೇಳೋವರೆಗೂ ಹಳೇ ಕೋಡ್ ಜೀವಂತ ಇರುತ್ತೆ, ಕೆಲವು ಸೆಕೆಂಡೋ ನಿಮಿಷಾನೋ. ಆ ಸಂದಿಯಲ್ಲಿ ಮಂಡಿಯ ಗುಮಾಸ್ತರು 12 ಕ್ವಿಂಟಲ್‌ನ ಒಂದು ಲಾಟ್ ಹಾಕಿದ್ರೆ ಕಾಲಂನಲ್ಲಿ 12 ಅಂತಾನೇ ಕೂರುತ್ತೆ, ಅಕ್ಕಪಕ್ಕದ ಸಾಲೆಲ್ಲಾ 1200, 850 ಅಂತ ಕೆಜಿಲಿ ಇದೆ. ಈಗ ನೀವು ಡೌನ್ ಕೊಟ್ರೆ ಈ 12 ಕೂಡ ಭಾಗ ಆಗಿ 0.12 ಕ್ವಿಂಟಲ್ ಆಗುತ್ತೆ, ಅಂದ್ರೆ 1200 ಕೆಜಿ ತಂದ ರೈತನಿಗೆ 12 ಕೆಜಿ ದುಡ್ಡು. ರೋಲ್‌ಬ್ಯಾಕ್‌ಗೆ ಯಾವ ಸಾಲು ಯಾವ ಅಳತೇಲಿದೆ ಅಂತ ತಿಳ್ಕೊಳೋ ಶಕ್ತಿ ಇಲ್ಲ. ಮುಂದಕ್ಕೆ ಹೋಗೋ ಮೈಗ್ರೇಶನ್‌ನಲ್ಲಿ ಮಾತ್ರ ನೀವು ಇಂತಿಂಥ ಸಮಯದ ನಡುವೆ ಸೇರಿದ ಸಾಲುಗಳು, ಇಷ್ಟಕ್ಕಿಂತ ಕಮ್ಮಿ ಇರೋವು ಅಂತ ಹೆಕ್ಕಿ, ಕಣ್ಣಲ್ಲಿ ನೋಡಿ, ಬೇಕಾದ್ರೆ ಮಂಡಿಯೋರ ಚೀಟಿ ಜೊತೆ ತಾಳೆ ಹಾಕಿ ಸರಿ ಮಾಡ್ಬಹುದು. ರೈತರ ದುಡ್ಡಿನ ವಿಷ್ಯ ಇದು, ಅಂದಾಜಿಗೆ ಬಿಡೋ ಹಂಗಿಲ್ಲ.

ಬೇಸಿಗೇಲಿ ಬಂದು ಸೇರಿದ ಇಂಟರ್ನ್‌ಗಳು ಇದನ್ನ ಕೇಳೇ ಕೇಳ್ತಾರೆ: ಹಂಗಾದ್ರೆ ಡೌನ್ ಬರೀಲೇಬಾರ್ದಾ? ಬರೀಬೇಕು. ಬ್ರಾಂಚ್ ಬದಲಾಯಿಸ್ತಾ ಹಿಂದೆ ಮುಂದೆ ಹೋಗೋಕೆ ಲ್ಯಾಪ್‌ಟಾಪ್‌ನಲ್ಲಿ ದಿನಾ ಬೇಕಾಗುತ್ತೆ, ಪ್ರೊಡಕ್ಷನ್‌ನಲ್ಲೂ ಮೈಗ್ರೇಶನ್ ಓಡಿ ಇನ್ನೂ ಯಾರೂ ಏನೂ ಬರ್ದಿಲ್ಲ ಅನ್ನೋ ಮೊದಲ ಕೆಲವು ನಿಮಿಷಕ್ಕೆ ಅದಕ್ಕಿಂತ ಬೇಗದ ಮದ್ದು ಇಲ್ಲ.

ಬ್ಯಾಕಪ್‌ನಿಂದ ತರೋದು

ಫೋನ್ ಕಾಲಂ ಹೋಯ್ತು, ರೈತರ ಟೇಬಲ್‌ಗೆ ಎಲ್ಲಾ ನಂಬರ್ ಸರಿಯಾಗಿ ಹೋಗಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಈಗ ಡೌನೂ ಉಪ್ಯೋಗ ಇಲ್ಲ, ಹೊಸ ಮೈಗ್ರೇಶನ್ನೂ ಇಲ್ಲದ ಡೇಟಾನ ಹುಟ್ಟಿಸಲ್ಲ. ಬ್ಯಾಕಪ್ ಒಂದೇ. ಆದ್ರೆ ಬ್ಯಾಕಪ್ ಅಂದ ತಕ್ಷಣ ಪ್ರೊಡಕ್ಷನ್ ಮೇಲೇ ಹೇರೋದು ಅಂದ್ಕೊಬೇಡಿ, ಹಂಗೆ ಮಾಡಿದ್ರೆ ಬ್ಯಾಕಪ್ ಆದ್ಮೇಲೆ ಬಂದ ಲಾಟೆಲ್ಲಾ ಹೋಗುತ್ತೆ, ಒಂದನ್ನ ಉಳಿಸೋಕೆ ಹೋಗಿ ಹತ್ತು ಕಳ್ಕೊಂಡಂಗೆ. ಆಪ್ ಮೊದಲೇ ಮುಚ್ಚಿ, ಯಾರೂ ಒಂದು ಸಾಲೂ ಬರ್ದಿಲ್ಲ ಅಂತ ಖಾತ್ರಿ ಇದ್ರೆ ಮಾತ್ರ ಪೂರ್ತಿ ರೀಸ್ಟೋರ್ ಸರಿ.

ಮಿಕ್ಕಂತೆ ಮಾಡ್ಬೇಕಾಗಿರೋದು, ಬ್ಯಾಕಪ್ಪನ್ನ ಪಕ್ಕದಲ್ಲಿ ಬೇರೆ ಹೆಸ್ರಿನ ಡೇಟಾಬೇಸ್‌ಗೆ ಇಳ್ಸಿ, ಅಲ್ಲಿಂದ ಐಡಿ ಮತ್ತೆ ಫೋನ್ ಎರಡೇ ಕಾಲಂ ಎತ್ಕೊಂಡು ಬಂದು, ಪ್ರೊಡಕ್ಷನ್‌ನಲ್ಲಿ ಐಡಿ ಹೊಂದಿಸಿ ಖಾಲಿ ಇರೋ ಕಡೆ ಮಾತ್ರ ತುಂಬೋದು. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಡಂಪ್‌ನ (ಡೇಟಾನೆಲ್ಲಾ ಫೈಲ್‌ಗೆ ತೆಗೆಯೋ ಕಮಾಂಡ್) ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ತೆಗ್ದಿಟ್ಟಿದ್ರೆ ಪಿಜಿ ರೀಸ್ಟೋರ್‌ನಲ್ಲಿ ಒಂದೇ ಟೇಬಲ್ ಹೆಸ್ರು ಕೊಟ್ಟು ಇಳಿಸ್ಬಹುದು. ಬೇಸ್ ಬ್ಯಾಕಪ್ ಜೊತೆ ವಾಲ್ ಫೈಲ್‌ಗಳನ್ನೂ (ಪ್ರತಿ ಬದಲಾವಣೆನೂ ಬರೆದಿಡೋ ಲಾಗ್) ಆರ್ಕೈವ್ ಮಾಡ್ತಿದ್ರೆ ಮೈಗ್ರೇಶನ್‌ಗೆ ಒಂದು ನಿಮಿಷ ಮುಂಚಿನ ಸಮಯ ಕೊಟ್ಟು ಅಲ್ಲಿವರೆಗೆ ಮಾತ್ರ ತರ್ಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಬಿನ್‌ಲಾಗ್ (ಅಲ್ಲಿನ ಬದಲಾವಣೆ ಲಾಗ್) ಆನ್ ಇದ್ರೆ ಅದೇ ಕೆಲ್ಸ ಅಲ್ಲೂ ಆಗುತ್ತೆ, ಇಂಥ ಸಮಯಕ್ಕೆ ನಿಲ್ಲು ಅಂತ ಹೇಳ್ಬಹುದು. ರಾತ್ರಿ ಒಂದು ಡಂಪ್ ಅಷ್ಟೇ ಇದೆ ಅಂದ್ರೆ ಬೆಳಗ್ಗೆಯಿಂದ ಬಂದಿದ್ದು ಅದರಲ್ಲಿ ಇರಲ್ಲ. ಹಂಗಾಗಿ ಡ್ರಾಪ್ ಇರೋ ಮೈಗ್ರೇಶನ್‌ಗೆ ಸ್ವಲ್ಪ ಮುಂಚೆ ಪ್ರತ್ಯೇಕ ಡಂಪ್ ತೆಗೀರಿ, ಮಂಡಿ ಆಪ್‌ನಷ್ಟು ಡೇಟಾಗೆ ಅದೇನೂ ದೊಡ್ಡ ಹೊತ್ತಲ್ಲ.

ಇದಕ್ಕಿಂತ ಸುಲಭದ್ದು ಒಂದಿದೆ, ಚಿಕ್ಕ ಟೀಮ್‌ಗೆ ನಾನು ಬಲವಂತ ಮಾಡಿ ಹೇಳೋದು ಇದನ್ನೇ. ಕಾಲಂ ಡ್ರಾಪ್ ಮಾಡೋ ಮೈಗ್ರೇಶನ್‌ನಲ್ಲೇ ಅದಕ್ಕೆ ಮುಂಚೆ ಐಡಿ ಮತ್ತೆ ಆ ಕಾಲಂ ಎರಡನ್ನೂ ಬೇರೆ ಒಂದು ಟೇಬಲ್‌ಗೆ ಕಾಪಿ ಮಾಡಿ ಇಡಿ. ಒಂದು ಸಾಲಿನ ಕ್ವೆರಿ. ಬಕೆಟ್ ಬಾಕ್ಸ್ ಸೇರ್ಸೋದಕ್ಕೂ ಅಷ್ಟೇ, ಹಳೇ ಬಗೆ ಏನಿತ್ತು ಅಂತ ಐಡಿ ಜೊತೆ ಎತ್ತಿಟ್ರೆ ಮೂರನೇ ಮೈಗ್ರೇಶನ್‌ಗೂ ನಿಜವಾದ ಡೌನ್ ಬರೀಬಹುದು. ಒಂದೆರಡು ತಿಂಗಳಾದ್ಮೇಲೆ ಆ ಟೇಬಲ್ ತೆಗ್ದ್ರಾಯ್ತು. ಫೋನ್ ನಂಬರ್ ಇರೋ ಕಾಪಿ ಆದ್ರಿಂದ ಅದನ್ನ ವರ್ಷಗಟ್ಲೆ ಮರೆತು ಬಿಡ್ಬೇಡಿ.

ಹಿಂದಕ್ಕೆ ಹೋಗೋ ಪ್ರಸಂಗಾನೇ ಬರದಂಗೆ

ನಾಲ್ಕನೇ ದಾರಿ, ಎಕ್ಸ್‌ಪ್ಯಾಂಡ್ ಕಾಂಟ್ರ್ಯಾಕ್ಟ್ ಅಂತಾರೆ. ಹಳೇದನ್ನ ಬದಲಾಯಿಸಲ್ಲ, ಪಕ್ಕದಲ್ಲಿ ಹೊಸದು ಸೇರಿಸ್ತೀರ. ತೂಕ ಅನ್ನೋ ಕಾಲಂ ಕ್ವಿಂಟಲ್‌ನಲ್ಲೇ ಇರ್ಲಿ, ತೂಕ ಕೆಜಿ ಅಂತ ಹೊಸ ಕಾಲಂ ಬರ್ಲಿ. ಒಂದು ರಿಲೀಸ್‌ನಲ್ಲಿ ಕೋಡ್ ಎರಡಕ್ಕೂ ಬರೆಯುತ್ತೆ, ಹಳೇ ಸಾಲುಗಳನ್ನ ನಿಧಾನಕ್ಕೆ ಸ್ವಲ್ಪ ಸ್ವಲ್ಪ ತುಂಬ್ತೀರ, ಮುಂದಿನ ರಿಲೀಸ್‌ನಲ್ಲಿ ಓದೋದು ಹೊಸದ್ರಿಂದ, ಎಲ್ಲಾ ಸರಿ ಇದೆ ಅಂತ ಕೆಲವು ವಾರ ನೋಡಿ ಹಳೇದಕ್ಕೆ ಬರೆಯೋದು ನಿಲ್ಸಿ, ಕೊನೇಲಿ ಡ್ರಾಪ್. ಮೇಲೆ ಹೇಳಿದ 12 ಕ್ವಿಂಟಲ್ ತೊಂದ್ರೆ ಇಲ್ಲಿ ಹುಟ್ಟೋದೇ ಇಲ್ಲ, ಹಳೇ ಕೋಡ್ ಹಳೇ ಕಾಲಂಗೆ ಬರೆಯುತ್ತೆ, ಹೊಸದು ಖಾಲಿ ಇರುತ್ತೆ, ಖಾಲಿ ಇರೋದನ್ನ ಹುಡುಕಿ ತುಂಬೋದು ಸುಲಭ. ಡ್ರಾಪ್ ಮಾಡೋ ಕ್ಷಣದವರೆಗೂ ಯಾವ ಹಂತದಲ್ಲಿ ಬೇಕಾದ್ರೂ ಕೋಡ್ ಒಂದು ಹೆಜ್ಜೆ ಹಿಂದಕ್ಕೆ ಹೋದ್ರೆ ಸಾಕು, ಡೇಟಾಬೇಸ್ ಮುಟ್ಟೋ ಹಂಗೇ ಇಲ್ಲ. ಕಾಲಂ ಹೆಸ್ರು ಬದಲಾಯ್ಸೋದಕ್ಕೂ ಇದೇ ದಾರಿ, ನೇರ ರಿನೇಮ್ ವಾಪಸ್ ಹೋಗುತ್ತೆ ನಿಜ ಆದ್ರೆ ನಡುವೆ ಓಡ್ತಿರೋ ಹಳೇ ಕೋಡ್ ಅಷ್ಟು ಹೊತ್ತೂ ಬೀಳ್ತಾ ಇರುತ್ತೆ.

ಡ್ರಾಪ್‌ಗೆ ಮುಂಚೆ ಕೋಡ್ ಆ ಕಾಲಂನ ಮರೀಬೇಕು. ರೈಲ್ಸ್‌ನಲ್ಲಿ ಇಗ್ನೋರ್ಡ್ ಕಾಲಮ್ಸ್ ಅಂತ ಮಾಡೆಲ್‌ನಲ್ಲಿ ಹಾಕ್ತೀರ, ಯಾಕಂದ್ರೆ ಅದು ಕಾಲಂ ಪಟ್ಟಿನ ನೆನಪಲ್ಲಿ ಇಟ್ಕೊಂಡಿರುತ್ತೆ. ಜ್ಯಾಂಗೋದಲ್ಲಿ ಸೆಪರೇಟ್ ಡೇಟಾಬೇಸ್ ಅಂಡ್ ಸ್ಟೇಟ್ ಅನ್ನೋ ಆಪರೇಶನ್ ಬಳಸಿ ಮಾಡೆಲ್‌ನಿಂದ ಫೀಲ್ಡ್ ತೆಗ್ದು ಟೇಬಲ್‌ನಲ್ಲಿ ಉಳಿಸ್ಬಹುದು, ಅದಕ್ಕೆ ಮೊದ್ಲು ಕಾಲಂನ ನಲ್ ಒಪ್ಕೊಳೋ ಹಂಗೆ ಮಾಡಿರ್ಬೇಕು.

ಇದಕ್ಕೆ ಬೆಲೆ ಏನಪ್ಪಾ ಅಂದ್ರೆ ಒಂದು ಬದಲಾವಣೆಗೆ ಮೂರು ನಾಲ್ಕು ಡಿಪ್ಲಾಯ್, ಮಧ್ಯದಲ್ಲಿ ಗಲೀಜು ಕೋಡ್. ಆಫೀಸ್ ಒಳಗೇ ಐದು ಜನ ಬಳಸೋ ಆಪ್‌ಗೆ ಇಷ್ಟು ಸಾಹಸ ಬೇಡ, ರಾತ್ರಿ ಆಪ್ ಮುಚ್ಚಿ, ಡಂಪ್ ತೆಗ್ದು, ಮೈಗ್ರೇಟ್ ಮಾಡಿ, ನೋಡಿ ತೆರೀರಿ. ಮಂಡಿ ಆಪ್‌ಗೂ ಹರಾಜು ಮುಗಿದ್ಮೇಲೆ ಹೊತ್ತು ಸಿಗುತ್ತೆ, ಟಿಪ್ಪಣಿ ಥರದ್ದಕ್ಕೆ ಅದೇ ಸಾಕು, ತೂಕ ರೇಟು ಥರ ದುಡ್ಡಿಗೆ ತಾಗೋದಕ್ಕೆ ಮಾತ್ರ ಎಕ್ಸ್‌ಪ್ಯಾಂಡ್ ಕಾಂಟ್ರ್ಯಾಕ್ಟ್ ಮಾಡಿ. ಅದೇ ಮೈಸೂರಿನ ಹೋಮ್‌ಸ್ಟೇ ಬುಕಿಂಗ್ ಆಪ್ ಆದ್ರೆ ದಸರಾ ಹೊತ್ತಲ್ಲಿ ರಾತ್ರಿ ಹಗಲು ಬುಕಿಂಗ್ ಬರ್ತಾನೇ ಇರುತ್ತೆ, ಮುಚ್ಚೋ ಮಾತೇ ಇಲ್ಲ, ಅಲ್ಲಿ ಪ್ರತಿ ಬದಲಾವಣೆನೂ ಈ ದಾರೀಲೇ ಹೋಗ್ಲಿ, ಡ್ರಾಪ್ ಮಾಡೋ ಕೊನೇ ಹೆಜ್ಜೆನ ಮಾತ್ರ ಜಂಬೂಸವಾರಿ ಮುಗಿದು ಊರು ಖಾಲಿ ಆದ್ಮೇಲೆ ಇಟ್ಕೊಳಿ.

ನಾಲ್ಕರಲ್ಲಿ ಯಾವುದು ಅಂತ ಗಾಬ್ರಿಲಿ ನಿಂತಾಗ ನಾನು ಕೇಳೋ ಪ್ರಶ್ನೆ ಎರಡು. ಈ ಮೈಗ್ರೇಶನ್ ಏನನ್ನಾದ್ರೂ ಅಳಿಸ್ತಾ ಅಥವಾ ಬೆರೆಸ್ತಾ? ಹೌದು ಅಂದ್ರೆ ರೋಲ್‌ಬ್ಯಾಕ್ ಕಮಾಂಡ್ ಮರೆತುಬಿಡಿ, ಬ್ಯಾಕಪ್ ಇಲ್ಲಾ ಎತ್ತಿಟ್ಟ ಕಾಪಿ ಕಡೆ ನಡೀರಿ, ಕಾಲಂ ಡ್ರಾಪ್ ಆಗಿಲ್ಲ ಅಂದ್ರೆ ಅಲ್ಲೀವರೆಗೂ ಕೋಡ್ ಮಾತ್ರ ಹಿಂದಕ್ಕೆ ತಗೊಂಡು ಆಪ್ ಓಡ್ತಾ ಇರೋ ಹಂಗೆ ನೋಡ್ಕೊಳಿ. ಇಲ್ಲ ಅಂದ್ರೆ ಎರಡನೇ ಪ್ರಶ್ನೆ, ಓಡಿದ್ಮೇಲೆ ಯಾರಾದ್ರೂ ಬರೆದ್ರಾ? ಬರೆದಿದ್ರೆ ಮುಂದಕ್ಕೆ, ಬರೆದಿಲ್ಲ ಅಂದ್ರೆ ಹಿಂದಕ್ಕೆ.

ಈ ಎರಡಕ್ಕೆ ಉತ್ರ ಬೇಗ ಸಿಗ್ಬೇಕು ಅಂದ್ರೆ ಪ್ರತಿ ಮೈಗ್ರೇಶನ್ ಫೈಲ್ ಮೇಲೂ ಒಂದು ಸಾಲು ಕನ್ನಡದಲ್ಲೇ ಬರೆದಿಡಿ, ವಾಪಸ್ ಹೋದ್ರೆ ಏನು ಕಳ್ದೋಗುತ್ತೆ ಅಂತ. ಸ್ಟೇಜಿಂಗ್‌ನಲ್ಲಿ ಪ್ರೊಡಕ್ಷನ್ ಡೇಟಾದ ಕಾಪಿ ಮೇಲೆ, ರೈತರ ಫೋನ್ ನಂಬರ್ ಎಲ್ಲಾ ಮುಚ್ಚಿ ಹಾಕಿ, ಒಂದ್ಸಲ ಮುಂದೆ, ಒಂದ್ಸಲ ಹಿಂದೆ, ಮತ್ತೆ ಮುಂದೆ ಓಡ್ಸಿ ನೋಡಿ, ರೈಲ್ಸ್‌ನಲ್ಲಿ ಹಿಂದೆ ಹೋಗಿ ಮುಂದೆ ಬರೋದಕ್ಕೆ ರೀಡೂ ಅಂತ ಒಂದೇ ಕಮಾಂಡ್ ಇದೆ, ಜ್ಯಾಂಗೋದಲ್ಲಿ ಕೈಯಲ್ಲೇ ಎರಡು ಸಲ ಕೊಡ್ಬೇಕು. ಮೊದಲು ಇದ್ದ ಸಾಲು, ಹಿಂದೆ ಬಂದ್ಮೇಲಿನ ಸಾಲು ಎರಡನ್ನೂ ಪಕ್ಕ ಪಕ್ಕ ಇಟ್ಟು ತೂಕದ ಒಟ್ಟು ಮೊತ್ತ, ಬಗೆವಾರು ಲಾಟ್ ಎಣಿಕೆ, ಖಾಲಿ ಫೋನ್ ಎಷ್ಟು, ಈ ಮೂರನ್ನ ತಾಳೆ ಹಾಕಿ. ಒಂದು ಸಂಖ್ಯೆ ಹೆಚ್ಚು ಕಮ್ಮಿ ಬಂದ್ರೂ ಆ ಮೈಗ್ರೇಶನ್ ಅವತ್ತು ಪ್ರೊಡಕ್ಷನ್‌ಗೆ ಹೋಗೋದು ಬೇಡ.